ಹಲ್ಲಿನ ಶಿಬಿರ ಸಾಕು, ಹಲ್ಲಿನ ಕಾಲೇಜಿಗೆ ಜೊತೆಗೆ ಬನ್ನಿ



ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಚರ್ಚುಗಳ ಯುವ ಸಂಘಟನೆಯ ವಾರ್ಷಿಕ ವರದಿ ಯಾವುದನ್ನು ಬೇಕಾದರೂ ತೆಗೆದು ನೋಡಿ. ರಕ್ತದಾನ, ಗಿಡ ನೆಡುವ ಕಾರ್ಯಕ್ರಮ, ಗೋದಲಿ ಸ್ಪರ್ಧೆ, ಕ್ರಿಕೆಟ್ ಪಂದ್ಯಾಟ. ಇವುಗಳ ನಡುವೆ ಒಂದು ಸಾಲು ಇದ್ದೇ ಇರುತ್ತದೆ: ‘ಉಚಿತ ದಂತ ತಪಾಸಣಾ ಶಿಬಿರ ಏರ್ಪಡಿಸಲಾಯಿತು, ಅನೇಕರು ಇದರ ಪ್ರಯೋಜನ ಪಡೆದರು.’ ಏನು ಪ್ರಯೋಜನ ಎಂದು ಮಾತ್ರ ಬರೆದಿರುವುದಿಲ್ಲ.

ನಡೆಯುವುದು ಹೀಗೆ. ಭಾನುವಾರ ಪೂಜೆ ಮುಗಿಯುವ ಹೊತ್ತಿಗೆ ಕಾಲೇಜಿನ ಬಸ್ಸು ಬರುತ್ತದೆ. ಬಿಳಿ ಕೋಟಿನ ಹತ್ತು ಹನ್ನೆರಡು ಮಂದಿ ವಿದ್ಯಾರ್ಥಿಗಳು, ಅವರ ಜೊತೆ ಒಬ್ಬರು ಮೇಡಂ. ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಇಟ್ಟಿರುತ್ತೇವೆ. ಬಂದವರ ಬಾಯಿಗೆ ಟಾರ್ಚ್ ಬಿಟ್ಟು, ಸಣ್ಣ ಕನ್ನಡಿ ಹಿಡಿದು ನೋಡುತ್ತಾರೆ, ಚೀಟಿಯಲ್ಲಿ ಬರೆಯುತ್ತಾರೆ, ಒಂದು ಟೂತ್‌ಪೇಸ್ಟ್ ಕೊಡುತ್ತಾರೆ. ಬ್ಯಾನರಿನ ಎದುರು ಫಾದರ್, ಪಾಲನಾ ಮಂಡಳಿಯವರು, ನಾವು ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ. ಊಟವಾಗುತ್ತದೆ, ಬಸ್ಸು ಹೋಗುತ್ತದೆ. ಕೆಲವು ಕಾಲೇಜುಗಳು ಕುರ್ಚಿ ಅಳವಡಿಸಿದ ವಾಹನವನ್ನೇ ತರುತ್ತವೆ, ಅದರಲ್ಲಿ ಕ್ಲೀನಿಂಗೋ ಅಲ್ಲಾಡುವ ಹಲ್ಲು ತೆಗೆಯುವುದೋ ಆಗುತ್ತದೆ. ಅಷ್ಟರ ಮಟ್ಟಿಗೆ ಒಳ್ಳೆಯದು.

ಆದರೆ ಆ ಚೀಟಿ? ‘ಕೆಳಗಿನ ಎಡ ದವಡೆ ಹಲ್ಲಿಗೆ ರೂಟ್ ಕೆನಾಲ್, ಮೇಲೆ ಎರಡು ಫಿಲ್ಲಿಂಗ್, ವಿಭಾಗಕ್ಕೆ ಬರಲಿ’ ಎಂದು ಇಂಗ್ಲಿಷಿನಲ್ಲಿ ಬರೆದ ಆ ಚೀಟಿ ಪ್ರಾರ್ಥನಾ ಪುಸ್ತಕದ ಒಳಗೆ ಸೇರಿ ಮುಂದಿನ ಶಿಬಿರದವರೆಗೆ ಅಲ್ಲೇ ಇರುತ್ತದೆ. ಮುಂದಿನ ವರ್ಷ ಅದೇ ಅಜ್ಜಿ ಅದೇ ಕುರ್ಚಿಯಲ್ಲಿ ಕುಳಿತು ಅದೇ ಬಾಯಿ ತೆರೆಯುತ್ತಾರೆ. ಆಗ ಚೀಟಿಯಲ್ಲಿ ರೂಟ್ ಕೆನಾಲ್ ಇರುವುದಿಲ್ಲ, ‘ಕೀಳಬೇಕು’ ಎಂದಿರುತ್ತದೆ. ಇದನ್ನು ನಾವು ಸೇವೆ ಎಂದು ಕರೆಯುತ್ತಿದ್ದೇವೆ. ನಾನು ಒಪ್ಪುವುದಿಲ್ಲ. ಹುಳುಕು ಇದೆ ಎಂದು ಹೇಳಿ ಮನೆಗೆ ಕಳಿಸುವುದರಿಂದ ಹುಳುಕು ವಾಸಿಯಾಗುವುದಿಲ್ಲ.

ಕಡಿಮೆ ಖರ್ಚಿನ ಚಿಕಿತ್ಸೆಗೆ ನಮಗೆ ಬರ ಇಲ್ಲವೇ ಇಲ್ಲ. ದೇಶದ ಬೇರೆ ಎಷ್ಟೋ ಜಿಲ್ಲೆಯವರು ನಮ್ಮ ಅದೃಷ್ಟ ಕಂಡರೆ ಹೊಟ್ಟೆಕಿಚ್ಚು ಪಡಬೇಕು. ತಲಪಾಡಿ ದಾಟಿ ತೊಕ್ಕೊಟ್ಟಿನಲ್ಲಿ ಬಲಕ್ಕೆ ತಿರುಗಿದರೆ ದೇರಳಕಟ್ಟೆ. ಅಲ್ಲಿ ಎ.ಬಿ. ಶೆಟ್ಟಿ ಸ್ಮಾರಕ ದಂತ ವಿಜ್ಞಾನ ಸಂಸ್ಥೆ 1985ರಿಂದ ಇದೆ, ಯೆನೆಪೋಯ ದಂತ ಕಾಲೇಜು 1992ರಿಂದ ಇದೆ. ಮಂಗಳೂರು ಪೇಟೆಯೊಳಗೆ ಮಣಿಪಾಲದವರ ದಂತ ಕಾಲೇಜು 1987ರಿಂದ ನಡೆಯುತ್ತಿದೆ. ಕುಂಟಿಕಾನದಲ್ಲಿ ಎ.ಜೆ., ಮುಕ್ಕದಲ್ಲಿ ಶ್ರೀನಿವಾಸ್, ಸುಳ್ಯದಲ್ಲಿ ಕೆ.ವಿ.ಜಿ. ಗಡಿಯ ಈಚೆಯೂ ಇದೆ: ಕಾಸರಗೋಡಿನಿಂದ ದಕ್ಷಿಣಕ್ಕೆ ಪೊಯಿನಾಚಿಯಲ್ಲಿ ಒಂದು, ಇನ್ನೂ ಕೆಳಗೆ ಹೋದರೆ ಪರಿಯಾರಂನಲ್ಲಿ 2019ರಲ್ಲಿ ಸರಕಾರದ ಕೈಗೆ ಬಂದ ದಂತ ಕಾಲೇಜು. ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಮನೆಗೆ ಮರಳಬಹುದಾದ ದೂರದಲ್ಲಿ ಇಷ್ಟು. ಈ ಕಾಲೇಜುಗಳ ಹೊರರೋಗಿ ವಿಭಾಗಗಳಲ್ಲಿ ಹೊರಗಿನ ಕ್ಲಿನಿಕ್ಕಿನ ದರದ ಒಂದು ಪಾಲಿನಷ್ಟಕ್ಕೇ ಫಿಲ್ಲಿಂಗ್, ರೂಟ್ ಕೆನಾಲ್, ಹಲ್ಲಿನ ಸೆಟ್ ಆಗುತ್ತದೆ. ಒಪಿ ಚೀಟಿ ಮಾಡಿಸುವಾಗ ನೀವು ಕೇರಳದವರೋ ಕರ್ನಾಟಕದವರೋ ಎಂಬುದು ಅಡ್ಡಿಯಲ್ಲ.

ಹಾಗಿದ್ದರೂ ನಮ್ಮ ಜನ ಹೋಗುವುದಿಲ್ಲ. ಯಾಕೆ?

ಮೊದಲು ಕೇಳಿಬರುವ ಉತ್ತರ ನಿಮಗೂ ಗೊತ್ತು. ‘ಅಲ್ಲಿ ಕಲಿಯುವ ಮಕ್ಕಳು ನಮ್ಮ ಬಾಯಿಯಲ್ಲಿ ಪ್ರಯೋಗ ಮಾಡುತ್ತಾರೆ.’ ಚರ್ಚ್ ಮೆಟ್ಟಿಲಿನ ಮೇಲೆ ನಿಂತು ಈ ಮಾತು ಹೇಳುವವರು ಹೆಚ್ಚಾಗಿ ಸ್ವಂತ ಹಲ್ಲಿಗೆ ಮಂಗಳೂರಿನ ದೊಡ್ಡ ಕ್ಲಿನಿಕ್ಕಿಗೆ ಕಾರಿನಲ್ಲಿ ಹೋಗುವವರು. ಕೇಳಿಸಿಕೊಳ್ಳುವವರು ಬೀಡಿ ಕಟ್ಟುವವರು, ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರು, ಬೇರೆಯವರ ತೋಟದಲ್ಲಿ ಅಡಿಕೆ ಸುಲಿಯುವವರು. ಹೇಳಿದವರಿಗೆ ಅದು ಬರೀ ಹರಟೆ. ಕೇಳಿದವರಿಗೆ ಇದ್ದ ಒಂದೇ ಬಾಗಿಲು ಮುಚ್ಚಿದ ಹಾಗೆ. ಆದ್ದರಿಂದ ಈ ಮಾತನ್ನು ಸುಮ್ಮನೆ ನಕ್ಕು ಬಿಡಬಾರದು, ಉತ್ತರ ಕೊಡಬೇಕು.

ಬಿಡಿಎಸ್ ಎಂದರೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ಎರಡು ವರ್ಷ ವಿದ್ಯಾರ್ಥಿಗಳು ಮನುಷ್ಯರ ಬಾಯಿಗೆ ಕೈ ಹಾಕುವುದಿಲ್ಲ. ಮೇಣದಲ್ಲಿ ಹಲ್ಲು ಕೆತ್ತುತ್ತಾರೆ, ಪ್ಲಾಸ್ಟರಿನಲ್ಲಿ ಅಚ್ಚು ತೆಗೆಯುತ್ತಾರೆ, ಬೊಂಬೆ ತಲೆಗೆ ಜೋಡಿಸಿದ ಹಲ್ಲಿನಲ್ಲಿ ಕೊರೆದು ತುಂಬುವುದನ್ನು ಕಲಿಯುತ್ತಾರೆ. ಮೂರನೇ ವರ್ಷದಿಂದ ರೋಗಿಗಳು. ಆಗಲೂ ಒಬ್ಬರೇ ಅಲ್ಲ. ಚುಚ್ಚುಮದ್ದು ಕೊಡುವ ಮುಂಚೆ ಮೇಷ್ಟ್ರು ನೋಡಬೇಕು, ಹುಳುಕು ಕೊರೆದ ಮೇಲೆ ನೋಡಬೇಕು, ತುಂಬಿದ ಮೇಲೆ ನೋಡಿ ಸಹಿ ಹಾಕಬೇಕು. ದವಡೆ ಹಲ್ಲಿನ ರೂಟ್ ಕೆನಾಲ್‌ನಂಥ ಕಷ್ಟದ ಕೆಲಸ ಸಾಮಾನ್ಯವಾಗಿ ಹೋಗುವುದು ಎಂಡಿಎಸ್ ಮಾಡುತ್ತಿರುವವರ ಕೈಗೆ. ಅವರು ಆಗಲೇ ಬಿಡಿಎಸ್ ಮುಗಿಸಿದ ಡಾಕ್ಟರುಗಳು, ಆ ಒಂದು ವಿಷಯವನ್ನೇ ಇನ್ನೂ ಮೂರು ವರ್ಷ ಓದುತ್ತಿರುವವರು. ಹೊರಗಿನ ಕ್ಲಿನಿಕ್ಕಿನಲ್ಲಿ ಡಾಕ್ಟರ ಕೆಲಸವನ್ನು ಇನ್ನೊಬ್ಬ ಡಾಕ್ಟರು ಬಂದು ಪರೀಕ್ಷಿಸುತ್ತಾರೆಯೇ? ಕಾಲೇಜಿನಲ್ಲಿ ಅದು ದಿನಚರಿ.

ಇನ್ನೊಂದು ಮಾತು, ಇದು ನಮ್ಮ ಜನರಿಗೆ ಯಾರೂ ಬಿಡಿಸಿ ಹೇಳದ ಮಾತು. ವಿದ್ಯಾರ್ಥಿ ಪರೀಕ್ಷೆಗೆ ಕೂರಬೇಕಾದರೆ ಇಷ್ಟು ಫಿಲ್ಲಿಂಗ್, ಇಷ್ಟು ಸೆಟ್, ಇಷ್ಟು ಹಲ್ಲು ತೆಗೆದದ್ದು ಎಂಬ ಲೆಕ್ಕ ತೋರಿಸಬೇಕು. ರೋಗಿ ಸಿಗದಿದ್ದರೆ ಅವರು ಒದ್ದಾಡುತ್ತಾರೆ. ಅಂದರೆ ಕಾಲೇಜಿನ ಕುರ್ಚಿಯಲ್ಲಿ ಕುಳಿತ ಬಡವ ಯಾರ ದಾನವನ್ನೂ ಪಡೆಯುತ್ತಿಲ್ಲ. ಅವನು ಬಾಯಿ ತೆರೆದು ಕೂತದ್ದರಿಂದ ಒಬ್ಬರು ಡಾಕ್ಟರಾಗುತ್ತಾರೆ. ತಲೆ ತಗ್ಗಿಸಿ, ಕೈ ಮುಗಿದು, ‘ಏನಾದರೂ ಮಾಡಿ ಮಗಾ’ ಎಂದು ಹೋಗುವ ಜಾಗ ಅದಲ್ಲ. ನಮ್ಮದೇ ಧರ್ಮಕೇಂದ್ರಗಳಿಂದ ಓದಿ ಡೆಂಟಿಸ್ಟ್ ಆದ ಅಣ್ಣಂದಿರು ಅಕ್ಕಂದಿರು ಇದ್ದಾರಲ್ಲ, ಉಪ್ಪಳದಲ್ಲಿ, ಕುಂಬಳೆಯಲ್ಲಿ ಬೋರ್ಡು ಹಾಕಿಕೊಂಡವರು, ಗಲ್ಫಿಗೆ ಹೋದವರು, ಅವರ ಕೈ ಪಳಗಿದ್ದೂ ಹೀಗೆ ಬಂದು ಕೂತ ಬಡವರ ಹಲ್ಲಿನ ಮೇಲೆಯೇ.

ಅವರ ಕ್ಲಿನಿಕ್ಕಿಗೆ ಹೊಡೆತ ಬೀಳುವುದಿಲ್ಲವೇ ಎಂದು ಒಬ್ಬರು ಕೇಳಿದರು. ಬೀಳುವುದಿಲ್ಲ. ನಾನು ಹೇಳುತ್ತಿರುವ ಜನ ಇವತ್ತು ಯಾವ ಕ್ಲಿನಿಕ್ಕಿನ ಗಿರಾಕಿಗಳೂ ಅಲ್ಲ. ಅವರು ಮೆಡಿಕಲ್ ಶಾಪಿನ ಗಿರಾಕಿಗಳು. ನೋವು ಬಂದಾಗ ಎರಡು ಮಾತ್ರೆ, ಬಾವು ಬಂದಾಗ ಇನ್ನೆರಡು, ಲವಂಗ, ಲವಂಗದ ಎಣ್ಣೆ, ಕೊನೆಗೆ ತಡೆಯಲಾರದೆ ಹೋಗಿ ತೆಗೆಸುವುದು. ನಮ್ಮಲ್ಲಿ ‘ಹಲ್ಲು ತೆಗೆಸಿದೆ, ಈಗ ಆರಾಮ’ ಎಂದು ಹೇಳುವಾಗ ಮುಖದಲ್ಲಿ ಒಂದು ಗೆಲುವು ಇರುತ್ತದೆ. ಉಳಿಸಬಹುದಾದ ದವಡೆ ಹಲ್ಲು ಹೋದ ಮೇಲೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಎದುರಿನ ಹಲ್ಲು ಇಳಿಯುತ್ತದೆ, ಅನ್ನ ಸಿಕ್ಕಿಕೊಳ್ಳುತ್ತದೆ, ಮತ್ತೆರಡು ಹುಳುಕಾಗುತ್ತವೆ. ಐವತ್ತರೊಳಗೆ ಗಂಜಿ ಮಾತ್ರ ಇಳಿಯುವ ಬಾಯಿ ಆಗುತ್ತದೆ. ಮೀನು ತಿನ್ನಲಾಗದ ಕರಾವಳಿಯವರ ಸಂಕಟ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ‘ಪ್ರಯೋಗ’ದ ಮಾತು ಒಂದೇ ಕಾರಣವೇ? ಅಲ್ಲ. ನಿಜವಾದ ಕಾರಣ ಬೇರೆ ಇದೆ, ಅದನ್ನು ಕಾಲೇಜಿನವರೂ ಲೆಕ್ಕ ಹಾಕುವುದಿಲ್ಲ, ನಾವೂ ಹಾಕಿಲ್ಲ. ಅದು ದಿನ.

ಕಾಲೇಜಿನಲ್ಲಿ ಬಿಲ್ಲು ಕಡಿಮೆ, ದಿನ ದುಬಾರಿ. ಮೊದಲ ದಿನ ಒಪಿ ಚೀಟಿ, ಆಮೇಲೆ ಓರಲ್ ಮೆಡಿಸಿನ್ ವಿಭಾಗದಲ್ಲಿ ಪೂರ್ತಿ ಪರೀಕ್ಷೆ, ಎಕ್ಸ್‌ರೇ, ಅಲ್ಲಿಂದ ಯಾವ ವಿಭಾಗಕ್ಕೆ ಎಂದು ಬರೆಸಿಕೊಳ್ಳುವುದು. ಅಷ್ಟರಲ್ಲಿ ಮಧ್ಯಾಹ್ನ. ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆಗೆ ಮುಗಿಯುವ ಫಿಲ್ಲಿಂಗ್ ವಿದ್ಯಾರ್ಥಿಯ ಕೈಯಲ್ಲಿ ಅರ್ಧ ದಿನ ಹಿಡಿಯುತ್ತದೆ, ಯಾಕೆಂದರೆ ಪ್ರತಿ ಹಂತದಲ್ಲಿ ಮೇಷ್ಟ್ರಿಗಾಗಿ ಕಾಯಬೇಕು. ಪೂರ್ತಿ ಸೆಟ್ ಬೇಕಾದ ಅಜ್ಜನ ಲೆಕ್ಕ ನೋಡಿ. ಮೊದಲ ಅಚ್ಚಿಗೆ ಒಮ್ಮೆ, ಸರಿಯಾದ ಅಚ್ಚಿಗೆ ಇನ್ನೊಮ್ಮೆ, ಮೇಲಿನ ಕೆಳಗಿನ ದವಡೆ ಹೇಗೆ ಕೂಡುತ್ತದೆ ಎಂದು ಅಳೆಯಲು ಒಮ್ಮೆ, ಮೇಣದಲ್ಲಿ ಜೋಡಿಸಿದ ಹಲ್ಲನ್ನು ಹಾಕಿ ನೋಡಲು ಒಮ್ಮೆ, ಸೆಟ್ ಕೊಡಲು ಒಮ್ಮೆ. ಐದಾಯಿತು. ಆಮೇಲೆ ವಸಡು ಉಜ್ಜಿ ಹುಣ್ಣಾದರೆ ಸರಿಮಾಡಿಸಲು ಮತ್ತೆ ಒಂದೆರಡು ಸಲ. ಅಜ್ಜ ಒಬ್ಬರೇ ಹೋಗುವ ಹಾಗಿಲ್ಲ, ಮಗನೋ ಸೊಸೆಯೋ ಜೊತೆಗೆ ಬರಬೇಕು. ಏಳು ದಿನದ ಇಬ್ಬರ ಬಸ್ ಚಾರ್ಜು, ಊಟ, ಮಗನ ಏಳು ದಿನದ ಕೂಲಿ. ಸೆಟ್ಟಿಗೆ ಕೊಟ್ಟ ಹಣಕ್ಕಿಂತ ಇದೇ ಹೆಚ್ಚಾಗುತ್ತದೆ. ಎರಡನೇ ಸಲ ಹೋಗಿ ಮೂರನೇ ಸಲ ಬಿಟ್ಟವರು ನಮ್ಮ ಪ್ರತಿ ವಾಳೆಯಲ್ಲೂ ಸಿಗುತ್ತಾರೆ. ಅವರಿಗೆ ತಿಳಿವಳಿಕೆ ಇಲ್ಲ ಎಂದು ವೇದಿಕೆಯ ಮೇಲೆ ಭಾಷಣ ಮಾಡುವವರು ಒಮ್ಮೆ ಈ ಲೆಕ್ಕ ಕೂಡಿಸಿ ನೋಡಬೇಕು.

ಸರಕಾರದ ಕಾರ್ಡು ಇದೆಯಲ್ಲ ಎನ್ನಬೇಡಿ. ನಮ್ಮ ಮನೆಗಳಲ್ಲಿ ಇರುವ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಕಾರ್ಡು ಆಯುಷ್ಮಾನ್ ಭಾರತ್‌ಗೆ ಸೇರಿದ್ದು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುವುದು ಆಸ್ಪತ್ರೆಯಲ್ಲಿ ದಾಖಲಾದರೆ. ಕುರ್ಚಿಯಲ್ಲಿ ಕೂತು ಹಲ್ಲು ತುಂಬಿಸಿಕೊಂಡು ಬರುವುದಕ್ಕೆ ಅದು ಬರುವುದಿಲ್ಲ. ಕರ್ನಾಟಕದಲ್ಲಿ ಬಡ ಹಿರಿಯರಿಗೆ ಉಚಿತ ಸೆಟ್ ಕೊಡಲು ದಂತ ಭಾಗ್ಯ ಎಂಬ ಯೋಜನೆ ಬಂತು, ಅದು ಅಲ್ಲಿನ ಬಿಪಿಎಲ್ ಕಾರ್ಡಿನವರಿಗೆ. ನಮ್ಮ ರೇಷನ್ ಕಾರ್ಡು ಕೇರಳದ್ದು. ಹಲ್ಲು ತೋರಿಸಲು ಆ ಕಡೆ, ಕಾರ್ಡು ತೋರಿಸಲು ಈ ಕಡೆ! 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗಲೇ ನಮ್ಮ ಆಸ್ಪತ್ರೆಗಳೆಲ್ಲ ಆ ಬದಿಗೆ ಇವೆ ಎಂಬುದು ಎಲ್ಲರಿಗೂ ಗೊತ್ತಾಯಿತು.

ಆದರೆ ಕೇರಳದಲ್ಲೂ ಒಂದು ಯೋಜನೆ ಇದೆ, ನಮ್ಮಲ್ಲಿ ಬಹಳ ಮಂದಿಗೆ ಹೆಸರೂ ಗೊತ್ತಿಲ್ಲ: ‘ಮಂದಹಾಸಂ’. ಸಾಮಾಜಿಕ ನ್ಯಾಯ ಇಲಾಖೆಯದ್ದು, ಬಿಪಿಎಲ್ ಪಟ್ಟಿಯಲ್ಲಿರುವ 60 ವರ್ಷ ದಾಟಿದವರಿಗೆ ಉಚಿತವಾಗಿ ಕೃತಕ ಹಲ್ಲಿನ ಸೆಟ್. ಹಲ್ಲಿನ ಡಾಕ್ಟರ ಪ್ರಮಾಣಪತ್ರ ಬೇಕು, ವಯಸ್ಸಿನ ದಾಖಲೆ, ರೇಷನ್ ಕಾರ್ಡು ಬೇಕು, ಅರ್ಜಿ ತುಂಬಬೇಕು. ಮಲಯಾಳ ಓದಲು ಬಾರದ ನಮ್ಮ ಅಜ್ಜ ಅಜ್ಜಿಯರಿಗೆ ಆ ಅರ್ಜಿ ತುಂಬಿಸಿಕೊಡುವವರು ಯಾರು? ಮಲಯಾಳ ಮೀಡಿಯಂನಲ್ಲೋ ಇಂಗ್ಲಿಷ್ ಮೀಡಿಯಂನಲ್ಲೋ ಓದಿ, ದಿನವಿಡೀ ಮೊಬೈಲು ಹಿಡಿದು ಕೂತಿರುವ ನಾವು ಯಾಕಿದ್ದೇವೆ? ಒಂದು ಭಾನುವಾರ ಹಾಲಿನಲ್ಲಿ ಎರಡು ಮೇಜು ಹಾಕಿ ಈ ಅರ್ಜಿ ತುಂಬಿಸಿದರೆ ಅದು ಹತ್ತು ತಪಾಸಣಾ ಶಿಬಿರಕ್ಕೆ ಸಮ.

ನಾನು ಕೇಳುವುದು ಇಷ್ಟು. ಈ ವರ್ಷ ಶಿಬಿರ ಬೇಡ. ಬ್ಯಾನರ್, ಹಾಲಿನ ಅಲಂಕಾರ, ಬಂದವರ ಊಟ, ಹಾರ, ನೆನಪಿನ ಕಾಣಿಕೆ ಇವುಗಳಿಗೆ ತೆಗೆದಿಡುವ ಹಣವನ್ನು ಬಸ್ ಚಾರ್ಜಿಗೆ, ಪೆಟ್ರೋಲಿಗೆ ಹಾಕೋಣ. ಕಳೆದ ಶಿಬಿರಗಳ ಚೀಟಿ ಇಟ್ಟುಕೊಂಡವರ ಮನೆಗೆ ವಾಳೆಯ ಗುರಿಕಾರರ ಜೊತೆ ಹೋಗಿ ಹೆಸರು ಬರೆದುಕೊಳ್ಳೋಣ. ಒಬ್ಬೊಬ್ಬ ರೋಗಿಗೆ ಒಬ್ಬ ಯುವಕನೋ ಯುವತಿಯೋ ಹೊಣೆ, ಚಿಕಿತ್ಸೆ ಮುಗಿಯುವವರೆಗೆ. ಒಂದು ದಿನದ ಹೊಣೆ ಅಲ್ಲ. ವೇಲಾಂಕಣಿಗೆ ಹೋಗಲು ಮಿನಿ ಬಸ್ಸು ತುಂಬುತ್ತದೆ, ಪಿಕ್ನಿಕ್ಕಿಗೆ ತುಂಬುತ್ತದೆ. ದೇರಳಕಟ್ಟೆಗೆ ತಿಂಗಳಿಗೆ ಎರಡು ಸಲ ಒಂದು ಓಮ್ನಿ ತುಂಬಿಸಲು ನಮ್ಮಿಂದ ಆಗುವುದಿಲ್ಲವೇ?

ಸಂತ ವಿನ್ಸೆಂಟ್ ಪಾವ್ಲ್ ಸಭೆಯ ಹಿರಿಯರಿಗೂ ಒಂದು ವಿನಂತಿ ಇದೆ. ನೀವು ಬಡವರ ಆಸ್ಪತ್ರೆ ಬಿಲ್ಲಿಗೆ ಕೊಡುತ್ತೀರಿ, ದೇವರು ಒಳ್ಳೆಯದು ಮಾಡಲಿ. ಆದರೆ ಬಿಲ್ಲು ತೋರಿಸಿದರೆ ಮಾತ್ರ ಸಹಾಯ ಎಂಬ ಕ್ರಮದಲ್ಲಿ ದಂತ ಕಾಲೇಜಿಗೆ ಹೋದವರಿಗೆ ಏನೂ ಸಿಗುವುದಿಲ್ಲ, ಯಾಕೆಂದರೆ ಅವರ ಬಿಲ್ಲೇ ಚಿಕ್ಕದು. ಅವರ ಖರ್ಚು ಬಸ್ ಟಿಕೆಟಿನಲ್ಲಿದೆ, ಹೋದ ಕೂಲಿಯಲ್ಲಿದೆ. ಕೂಲಿಗೆ ರಸೀದಿ ಎಲ್ಲಿಂದ ತರುವುದು? ಒಪಿ ಪುಸ್ತಕದಲ್ಲಿ ತಾರೀಕಿನ ಮೊಹರು ಇರುತ್ತದೆ. ಅದನ್ನೇ ರಸೀದಿ ಎಂದು ಒಪ್ಪಿಕೊಳ್ಳಿ.

ಜೊತೆಗೆ ಹೋಗುವವರ ಅಗತ್ಯ ಬಸ್ಸು ಹತ್ತಿಸುವುದಕ್ಕೆ ಮಾತ್ರ ಎಂದು ತಿಳಿಯಬೇಡಿ. ಅಲ್ಲಿ ಓದುವವರು ದೇಶದ ನಾನಾ ಮೂಲೆಯಿಂದ ಬಂದವರು. ಕೊಂಕಣಿ, ತುಳು, ಕನ್ನಡ ಮಾತ್ರ ಬರುವ ನಮ್ಮ ಅಜ್ಜಿಗೆ ಉತ್ತರ ಭಾರತದ ಹುಡುಗಿ ಹಿಂದಿಯಲ್ಲಿ ‘ಎಷ್ಟು ದಿನದಿಂದ ನೋವು’ ಎಂದು ಕೇಳುತ್ತಾಳೆ. ಅಜ್ಜಿ ಎಲ್ಲದಕ್ಕೂ ಹೌದು ಎಂದು ತಲೆಯಾಡಿಸುತ್ತಾರೆ. ಕೋಟ್ಟಯಂ ಕಡೆಯ ವಿದ್ಯಾರ್ಥಿ ಸಿಕ್ಕಿದರೆ ಅಜ್ಜಿಯ ಅರ್ಧಂಬರ್ಧ ಮಲಯಾಳ ಉಪಯೋಗಕ್ಕೆ ಬಂದೀತು, ಅದು ಬೇರೆ. ಸಕ್ಕರೆ ಕಾಯಿಲೆ ಇದೆಯೇ, ಬಿಪಿ ಇದೆಯೇ, ಹೃದಯಕ್ಕೆ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂಬ ಪ್ರಶ್ನೆಗೆ ಸುಮ್ಮನೆ ತಲೆಯಾಡಿಸಿದರೆ ಅಪಾಯ. ಮಾತ್ರೆಯ ಪಟ್ಟಿ, ಡಾಕ್ಟರ ಚೀಟಿ ಕೈಯಲ್ಲಿರಬೇಕು. ಹಲ್ಲು ತೆಗೆಸಲಿಕ್ಕಿದೆ ಎಂದು ಆ ಮಾತ್ರೆಯನ್ನು ಮನೆಯಲ್ಲೇ ನಿಲ್ಲಿಸಿಬಿಡುವವರೂ ಇದ್ದಾರೆ. ಹಾಗೆ ಮಾಡಬಾರದು, ನಿಲ್ಲಿಸಬೇಕೋ ಬೇಡವೋ ಎಂದು ಹೇಳಬೇಕಾದವರು ಡಾಕ್ಟರು.

ಕಾಲೇಜುಗಳನ್ನು ನಾನು ಹೊಗಳುತ್ತಲೇ ಇದ್ದೇನೆ ಎಂದುಕೊಳ್ಳಬೇಡಿ. ಅವರ ಮೇಲೂ ದೂರು ಇದೆ. ವಿದ್ಯಾರ್ಥಿಯ ಪೋಸ್ಟಿಂಗ್ ಮುಗಿದು ಬೇರೆ ವಿಭಾಗಕ್ಕೆ ಹೋದಾಗ, ಪರೀಕ್ಷೆ ಬಂದಾಗ, ಅರ್ಧ ಆದ ಕೆಲಸ ಅಲ್ಲೇ ನಿಲ್ಲುತ್ತದೆ. ನನ್ನ ಮನೆಯವರೊಬ್ಬರ ರೂಟ್ ಕೆನಾಲ್ ಹೀಗೆ ತಾತ್ಕಾಲಿಕ ಸಿಮೆಂಟಿನಲ್ಲಿ ಎರಡು ತಿಂಗಳು ಕೂತಿತು. ಕಾಲೇಜಿನಿಂದ ಒಂದು ಫೋನೂ ಬರಲಿಲ್ಲ. ನಾವೇ ಹೋಗಿ ವಿಭಾಗದ ಮುಖ್ಯಸ್ಥರ ಕೋಣೆಯ ಮುಂದೆ ನಿಂತ ಮೇಲೆ ಅದೇ ವಾರ ಮುಗಿಯಿತು. ವಿಭಾಗದ ಮುಖ್ಯಸ್ಥರನ್ನು ಕೇಳಬಹುದು ಎಂಬುದೇ ಎಷ್ಟು ಜನರಿಗೆ ಗೊತ್ತು? ಇಂಗ್ಲಿಷ್ ಬಾರದ, ಒಬ್ಬಂಟಿಯಾಗಿ ಬಂದ ಬೀಡಿ ಕೆಲಸದ ಹೆಂಗಸು ಹಾಗೆ ನಿಲ್ಲುತ್ತಾರೆಯೇ? ನಿಲ್ಲುವುದಿಲ್ಲ, ಮನೆಗೆ ಹೋಗುತ್ತಾರೆ, ಕೆಲವು ತಿಂಗಳ ನಂತರ ಆ ಹಲ್ಲು ಒಡೆಯುತ್ತದೆ. ಆಮೇಲೆ ‘ಕಾಲೇಜಿನಲ್ಲಿ ಹಾಳುಮಾಡಿದರು’ ಎಂಬ ಕಥೆ ಊರೆಲ್ಲ ತಿರುಗುತ್ತದೆ. ಶಿಬಿರಕ್ಕೆ ಬಸ್ಸು ಕಳಿಸಲು ಕಾಲೇಜುಗಳಿಗೆ ಆಗುತ್ತದೆ ಎಂದಾದರೆ, ಅರ್ಧಕ್ಕೆ ನಿಂತ ರೋಗಿಗೆ ಒಂದು ಫೋನು ಮಾಡಲೂ ಆಗಬೇಕು. ಶಿಬಿರಕ್ಕೆ ಹಾಲು ಕೇಳಿಕೊಂಡು ಬರುವವರಿಗೆ ನಮ್ಮ ಪಾಲನಾ ಮಂಡಳಿ ಈ ಷರತ್ತು ಹಾಕಬೇಕು: ನೀವು ಚೀಟಿ ಬರೆದವರಲ್ಲಿ ಎಷ್ಟು ಮಂದಿಯ ಕೆಲಸ ಮುಗಿಯಿತು ಎಂದು ಆರು ತಿಂಗಳಲ್ಲಿ ಲೆಕ್ಕ ಕೊಡಿ. ಕೊಡದವರಿಗೆ ಹಾಲು ಇಲ್ಲ.

ಅವರನ್ನು ಗಟ್ಟಿಯಾಗಿ ಕೇಳಲು ನಮಗೆ ಇನ್ನೊಂದು ಕಾರಣ ಇದೆ. ದಂತ ಕಾಲೇಜಿನ ಆ ಮೊದಲ ಕೋಣೆಯಲ್ಲಿ, ಓರಲ್ ಮೆಡಿಸಿನ್‌ನಲ್ಲಿ, ಹಲ್ಲು ಮಾತ್ರ ನೋಡುವುದಿಲ್ಲ. ಕೆನ್ನೆಯ ಒಳಬದಿ, ನಾಲಗೆಯ ಅಡಿ, ಅಂಗಳ ಎಲ್ಲ ನೋಡುತ್ತಾರೆ. ನಾವು ಅಡಿಕೆಯ ನಾಡಿನವರು. ಅಡಿಕೆಯಿಂದಲೇ ನಮ್ಮಲ್ಲಿ ಎಷ್ಟೋ ಮಂದಿಯ ಶಾಲೆ ಫೀಸು ಕಟ್ಟಿದ್ದು, ಅದರ ಬಗ್ಗೆ ಮಾತಾಡಿದರೆ ಮನೆಯಲ್ಲೇ ಬೈಗುಳ ತಿನ್ನಬೇಕಾಗುತ್ತದೆ. ಆದರೂ ಹೇಳುತ್ತೇನೆ. ಹೊಗೆಸೊಪ್ಪು ಇಲ್ಲದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಎಲೆ ಅಡಿಕೆಯ ಅಜ್ಜಿಯರಿಗಿಂತ ನನಗೆ ಹೆಚ್ಚು ಚಿಂತೆ ನಮ್ಮ ವಯಸ್ಸಿನವರದು, ಸ್ಯಾಶೆ ಹರಿದು ಬಾಯಿಗೆ ಸುರಿದುಕೊಂಡು ಬೈಕ್ ಓಡಿಸುವವರದು. ಖಾರ ತಿಂದರೆ ಬಾಯಿ ಉರಿಯುವುದು, ಕೆನ್ನೆ ಒಳಗೆ ಬಿಳಿಚಿ ಗಟ್ಟಿಯಾಗುವುದು, ದಿನ ಹೋದ ಹಾಗೆ ಬಾಯಿ ಕಡಿಮೆ ಕಡಿಮೆ ತೆರೆಯುವುದು, ಇದು ಶುರುವಾದ ಲಕ್ಷಣ. ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತದೋ ನೋಡಿ. ಹೋಗದಿದ್ದರೆ ಈ ವಾರವೇ ತೋರಿಸಿ. ಮೆಡಿಕಲ್ ಶಾಪಿನವನು ಮಾತ್ರೆ ಕೊಡುವಾಗ ನಿಮ್ಮ ಕೆನ್ನೆಯ ಒಳಗೆ ನೋಡುವುದಿಲ್ಲ.

ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಆರನೇ ವಯಸ್ಸಿನ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಒಂದು ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಅದು ಬರುವುದರಿಂದ ಅದನ್ನೂ ಹಾಲುಹಲ್ಲು ಎಂದೇ ತಿಳಿದು ‘ಹೇಗೂ ಬಿದ್ದು ಹೋಗುತ್ತದೆ’ ಎಂದು ಬಿಡುತ್ತಾರೆ. ಅದು ಬೀಳುವ ಹಲ್ಲಲ್ಲ, ಜೀವಮಾನದ ಹಲ್ಲು. ಕಾಲೇಜಿನ ಮಕ್ಕಳ ವಿಭಾಗದಲ್ಲಿ ಅದರ ಗುಂಡಿಗಳನ್ನು ಮೊದಲೇ ಮುಚ್ಚಿ ಹುಳುಕಾಗದ ಹಾಗೆ ಮಾಡುತ್ತಾರೆ, ನೋವಿಲ್ಲ, ಚುಚ್ಚುಮದ್ದಿಲ್ಲ. ಮೊದಲ ಪರಮಪ್ರಸಾದದ ತಯಾರಿಗೆ ಬರುವ ಮಕ್ಕಳ ವಯಸ್ಸಿಗೆ ಈ ಹಲ್ಲು ಬಂದಾಗಿರುತ್ತದೆ. ಕ್ಯಾಟೆಕಿಸಂ ಶಿಕ್ಷಕರು ಒಮ್ಮೆ ಬಾಯಿ ತೆರೆಸಿ ನೋಡಿದರೂ ಸಾಕು.

ಫೆಬ್ರವರಿ 9 ಸಂತ ಅಪೊಲೊನಿಯಾರ ಹಬ್ಬ. ಅಲೆಗ್ಸಾಂಡ್ರಿಯದಲ್ಲಿ ಕ್ರಿಸ್ತಶಕ 249ರ ಸುಮಾರಿಗೆ ಗಲಭೆಕೋರರು ಹೊಡೆದು ಹಲ್ಲು ಉದುರಿಸಿದ ಆ ಹಿರಿಯ ಹೆಂಗಸನ್ನು ಹಲ್ಲುನೋವಿನವರ ಪಾಲಕಿ ಎಂದು ಕರೆಯುತ್ತಾರೆ. ಆ ದಿನಕ್ಕೆ ಹೊಂದಿಸಿ ಶಿಬಿರ ಇಡಬೇಕು ಎಂದು ಸಲಹೆ ಬಂದಿದೆ, ಪೋಸ್ಟರ್ ಕೂಡ ತಯಾರಾಗಿದೆ ಎಂದು ಕೇಳಿದೆ. ಪೋಸ್ಟರ್ ಇರಲಿ. ಅದರ ಮೇಲೆ ‘ಶಿಬಿರ’ ಎಂಬ ಪದ ಹೊಡೆದು ಓಮ್ನಿ ಹೊರಡುವ ಸಮಯ ಬರೆಯಿರಿ. ಬೆಳಿಗ್ಗೆ ಬೇಗ ಹೊರಡಬೇಕು, ತಡವಾದರೆ ಒಪಿ ಸಾಲಿನಲ್ಲೇ ಮಧ್ಯಾಹ್ನವಾಗುತ್ತದೆ. ತಿಂಡಿ ತಿಂದು, ದಿನದ ಮಾತ್ರೆ ತೆಗೆದುಕೊಂಡು ಬರಲಿ. ಶಿಬಿರದ ಹಳೆಯ ಚೀಟಿ ಇದ್ದರೆ ತರಲಿ. ಕೆಲಸ ಶುರುಮಾಡಿದ ವಿದ್ಯಾರ್ಥಿಯ ಹೆಸರು, ವಿಭಾಗ, ಮುಂದಿನ ತಾರೀಕು ಈ ಮೂರನ್ನು ಜೊತೆಗೆ ಹೋದವರು ತಮ್ಮ ಮೊಬೈಲಿನಲ್ಲಿ ಬರೆದುಕೊಳ್ಳಬೇಕು, ಅಜ್ಜಿಯ ನೆನಪಿಗೆ ಬಿಡಬಾರದು.

ಚೀಟಿ ಇಟ್ಟುಕೊಂಡವರ ಹೆಸರನ್ನು ಬರುವ ಭಾನುವಾರದೊಳಗೆ ನಿಮ್ಮ ವಾಳೆಯ ಯುವ ಪ್ರತಿನಿಧಿಗೆ ಕೊಡಿ. ವಾಹನ ಇರುವವರು ವಾರದಲ್ಲಿ ಯಾವ ದಿನ ಬಿಡುವು ಎಂದು ತಿಳಿಸಿ, ಭಾನುವಾರ ಬಿಟ್ಟು.